ಪರದೆಯಿಂದ ಹಸಿರು ಗೌನು: ‘ಗಾನ್ ವಿತ್ ದಿ ವಿಂಡ್’ ಕಾಲದ ಉಡುಪು ಹೊಲಿಯುವವರು ಇದ್ದೀರಾ?

ಅಟ್ಲಾಂಟಾ ಓದುಗಿ:
ನಮಸ್ಕಾರ. ನಮ್ಮ ಓದುಗರ ಗುಂಪು ಈ ತಿಂಗಳು ಅಮೆರಿಕದ ಅಂತರ್ಯುದ್ಧದ ಕಾಲದ ಕಥೆಯಿರುವ, ಮಾರ್ಗರೆಟ್ ಮಿಚೆಲ್ ಅವರ ಈ ಕಾದಂಬರಿ ಓದುತ್ತಿದೆ. ಕೊನೆಯ ದಿನ ಎಲ್ಲರೂ ಆ ಕಾಲದ ಉಡುಪಿನಲ್ಲಿ ಬರಬೇಕಂತೆ. ಅಂಗಡಿಯ ಬಿಳಿ ಫ್ರಿಲ್ ಗೌನು ದುಬಾರಿ, ಇಷ್ಟವೂ ಆಗಲಿಲ್ಲ. ಮನೆಯಲ್ಲಿ ಮಷಿನ್ ಇದೆ, ಬ್ಲೌಸ್ ಹೊಲಿಯಲು ಬರುತ್ತದೆ. ಏನು ಮಾಡಲಿ?

ಹುಬ್ಬಳ್ಳಿ ಹೊಲಿಗೆ:
ಬಿಳಿ ಗೌನು ಬಿಡಿ ಅಕ್ಕ. ಅದು ಯುದ್ಧಕ್ಕೆ ಮುಂಚಿನ ಪಾರ್ಟಿಯ ಉಡುಪು. ನಾನು ನಾಟಕಗಳಿಗೆ ಬಟ್ಟೆ ಹೊಲಿಯುತ್ತೇನೆ, ನನಗೆ ಈ ಕಾದಂಬರಿಯಲ್ಲಿ ಹಿಡಿಸಿದ್ದು ಬಟ್ಟೆಯೇ ಇಲ್ಲದ ಕಾಲ. 1861ರಲ್ಲಿ ಉತ್ತರದ ರಾಜ್ಯಗಳವರು ದಕ್ಷಿಣದ ರಾಜ್ಯಗಳ ಬಂದರುಗಳಿಗೆ ದಿಗ್ಬಂಧನ ಹಾಕಿದರು. ಹೊರಗಿನಿಂದ ಬಟ್ಟೆ, ಸೂಜಿ, ಗುಂಡಿ ಬರುವುದು ಕಷ್ಟವಾಯಿತು. ಹೆಂಗಸರು ಮನೆಯಲ್ಲೇ ನೂತು ನೇಯ್ದರು. ಪರ್ಸಿಮನ್ ಹಣ್ಣಿನ ಬೀಜಕ್ಕೆ ತೂತು ಕೊರೆದು ಗುಂಡಿ ಮಾಡಿಕೊಂಡರು.

ಕಥಾನಾಯಕಿ ಸ್ಕಾರ್ಲೆಟ್ ಹಸಿರು ಮಖಮಲ್ ಪರದೆ ಕಿತ್ತು ಗೌನು ಹೊಲಿಸುವುದು ಯುದ್ಧ ಮುಗಿದ ಮೇಲೆ. ಜಮೀನಿನ ತೆರಿಗೆಗೆ 300 ಡಾಲರ್ ಬೇಕು. ಸಾಲ ಕೇಳಲು ಹಣವಂತ ರೆಟ್ ಮುಂದೆ ಸಿರಿವಂತೆಯಂತೆ ಕಾಣಬೇಕು. ಅವನಿಗೆ ಗುಟ್ಟು ಗೊತ್ತಾಗುವುದು ಅವಳ ಅಂಗೈ ನೋಡಿ. ಗದ್ದೆಗೆಲಸದಿಂದ ಒರಟಾದ ಕೈ ಅದು. ಸಿನಿಮಾಗೆ ವಾಲ್ಟರ್ ಪ್ಲಂಕೆಟ್ ಹೊಲಿಸಿದ ಆ ಗೌನು ಈಗಲೂ ಟೆಕ್ಸಸ್ ವಿಶ್ವವಿದ್ಯಾಲಯದ ಹ್ಯಾರಿ ರ‍್ಯಾನ್ಸಮ್ ಸೆಂಟರ್‌ನಲ್ಲಿದೆ.

ನೀವು ಅದನ್ನೇ ಮಾಡಿ. ಹಳೆ ಮಖಮಲ್ ಪರದೆ ಹುಡುಕಿ. ಕತ್ತರಿ ಹಾಕುವ ಮೊದಲು ಅಂಗೈಯಿಂದ ಸವರಿ ನೋಡಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಒರಟು. ಎಲ್ಲಾ ತುಂಡುಗಳನ್ನೂ ಒಂದೇ ದಿಕ್ಕಿಗೆ ಕತ್ತರಿಸಬೇಕು, ಇಲ್ಲದಿದ್ದರೆ ಒಂದೇ ಬಟ್ಟೆ ಎರಡು ಬಣ್ಣ ಕಾಣುತ್ತದೆ. ಮಷಿನ್ ಕೆಳಗೆ ಮಖಮಲ್ ಜಾರುತ್ತದೆ, ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಇಸ್ತ್ರಿ ಯಾವತ್ತೂ ಹಿಂಬದಿಯಿಂದ, ಕೆಳಗೆ ಟವೆಲ್ ಹಾಸಿ. ಮೇಲಿಂದ ಒತ್ತಿದರೆ ಆ ಗುರುತು ಹೋಗುವುದೇ ಇಲ್ಲ.

ಅಟ್ಲಾಂಟಾ ಓದುಗಿ:
ತುಂಬಾ ಥ್ಯಾಂಕ್ಸ್! ಒಡವೆ? ಅಜ್ಜಿಯ ಮುತ್ತಿನ ಸರ ಹಾಕಿಕೊಳ್ಳಬಹುದಾ?

ಹುಬ್ಬಳ್ಳಿ ಹೊಲಿಗೆ:
ಬೇಡ ಅನ್ನುತ್ತೇನೆ. ಅಟ್ಲಾಂಟಾದ ಬಜಾರಿನ ದೃಶ್ಯ ನೆನಪಿದೆಯಲ್ವಾ? ಹೆಂಗಸರು ಯುದ್ಧದ ನೆರವಿಗೆ ಒಡವೆ ಬಿಚ್ಚಿ ಬುಟ್ಟಿಗೆ ಹಾಕುತ್ತಾರೆ. ಸ್ಕಾರ್ಲೆಟ್‌ಳ ನಾದಿನಿ ಮೆಲನಿ ಮದುವೆಯ ಉಂಗುರವನ್ನೇ ಕೊಡುತ್ತಾಳೆ. ಬರಿಗೊರಳೇ ಆ ಕಾಲಕ್ಕೆ ಸರಿ. ಸೊಂಟಕ್ಕೆ ಪರದೆಯ ಹಗ್ಗ, ಕುಚ್ಚು ಸಮೇತ. ಟೋಪಿಗೆ ಹುಂಜದ ಬಾಲದ ಗರಿ. ತುರುಬಿಗೆ ಕ್ರೋಶಾದಲ್ಲಿ ಹೆಣೆದ ಬಲೆ, ಕಪ್ಪು ದಾರದಲ್ಲಿ. ಇಷ್ಟು ಸಾಕು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ದಕ್ಷಿಣದವರ ಬಾವುಟದ ಬ್ಯಾಡ್ಜು, ರಿಬ್ಬನ್ನು ಏನೂ ಬೇಡ. ಆ ಗೌನುಗಳ ಹಿಂದಿನ ಸಿರಿಯೆಲ್ಲ ಗುಲಾಮರು ಬಿಡಿಸಿದ ಹತ್ತಿಯದು. ಕಾದಂಬರಿ ಆ ಬದುಕನ್ನು ಚೆಂದ ಮಾಡಿ ತೋರಿಸುತ್ತದೆ. ಉಡುಪು ಹಾಕಿಕೊಳ್ಳುವವರು ಅದನ್ನು ಮರೆಯಬಾರದು.

ಗದಗದ ಓದುಗ:
ಆ ಯುದ್ಧ ನಮ್ಮ ಕಡೆಯನ್ನೂ ಮುಟ್ಟಿತ್ತು. ಅಮೆರಿಕದ ಹತ್ತಿ ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಏರಿತು. ಕುಮಟಾ ಬಂದರಿನಿಂದ ಹೊರಟ ಮಾಲಿಗೆ ಲಿವರ್‌ಪೂಲ್ ಪೇಟೆಯಲ್ಲಿ ಕುಮಟಾ ಹತ್ತಿ ಅಂತಲೇ ಹೆಸರು. ಅಕ್ಕ, ಗೌನಿನ ಘೇರು ನಿಲ್ಲುವುದು ಹೇಗೆ? ಒಳಗೆ ಉಕ್ಕಿನ ಪಂಜರ ಇರುತ್ತಿತ್ತಂತೆ.

ಹುಬ್ಬಳ್ಳಿ ಹೊಲಿಗೆ:
ಹೌದು, 1856ರಿಂದ ಉಕ್ಕಿನ ಬಳೆಗಳ ಪಂಜರ ಬಂತು. ನಾನು ತೋಟದ ಡ್ರಿಪ್ ಪೈಪ್ ಬಳಸುತ್ತೇನೆ. ಹಗುರ, ಕೂತರೆ ಬಾಗುತ್ತದೆ. ಹತ್ತಿ ಲಂಗಕ್ಕೆ ಅಡ್ಡಲಾಗಿ ಪಟ್ಟಿ ಹೊಲಿದು ಒಳಗೆ ತೂರಿಸಿ. ಕೆಳಗಿನ ಸುತ್ತು 110 ಇಂಚು ಸಾಕು, ಬಾಗಿಲಲ್ಲಿ ಸಲೀಸಾಗಿ ನುಗ್ಗಬಹುದು. ಕೆಳಗಿನ ಬಳೆ ನೆಲದಿಂದ ಒಂದು ಗೇಣು ಮೇಲಿರಲಿ, ಇಲ್ಲದಿದ್ದರೆ ಮೆಟ್ಟಿಲಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ಪರದೆ ಸಿಕ್ಕ ಮೇಲೆ ಅದರ ಅಗಲ ಬರೆಯಿರಿ, ಎಷ್ಟು ಕಳಿ (ಲಂಗದ ಉದ್ದ ತುಂಡು) ಬರುತ್ತದೆ ಅಂತ ಲೆಕ್ಕ ಹಾಕಿ ಕೊಡುತ್ತೇನೆ.