ಓಟವಿಲ್ಲದ ದಿನ ಏನು ಮಾಡಬೇಕು: ಹೊಸ ಓಟಗಾರರ ಪ್ರಶ್ನೆಗಳು, ಫಿಸಿಯೋಥೆರಪಿಸ್ಟ್ ಉತ್ತರಗಳು

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 34 ವರ್ಷ. ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ ಎಂದು ಕಳೆದ ತಿಂಗಳು ಆರಂಭಿಸಿದೆ. ಈಗ ಐದು ನಿಮಿಷ ಬಿಡದೆ ಓಡುತ್ತೇನೆ. ವಾರಕ್ಕೆ ಮೂರು ದಿನ ಓಟ, ನಡುವೆ ಒಂದೊಂದು ದಿನ ವಿಶ್ರಾಂತಿ ಎಂದು ಆ್ಯಪ್ ಹೇಳುತ್ತದೆ. ಆದರೆ ಉಸಿರು ಸಲೀಸಾಗಿದೆ, ಕಾಲೂ ನೋಯುತ್ತಿಲ್ಲ, ಸುಮ್ಮನೆ ಕೂರಲು ಮನಸ್ಸಾಗುವುದಿಲ್ಲ. ಆ ದಿನಗಳಲ್ಲಿ ಸೈಕಲ್ ತುಳಿಯುವುದು, ಈಜುವುದು, ಇಲ್ಲವೇ ನಿಧಾನವಾಗಿ ಓಡುವುದು ಸರಿಯೇ?

ಉತ್ತರ: ನಮಸ್ಕಾರ. ಸೈಕಲ್ ತುಳಿಯಬಹುದು, ಈಜಬಹುದು. ಎಷ್ಟೇ ನಿಧಾನವಾಗಿಯಾದರೂ ಓಡುವುದು ಮಾತ್ರ ಬೇಡ. ಉಸಿರು ಸಲೀಸಾಗಿದೆ ಎಂಬ ನಿಮ್ಮ ಮಾತಿನಲ್ಲೇ ಇದರ ಕಾರಣ ಅಡಗಿದೆ. ವ್ಯಾಯಾಮ ಆರಂಭಿಸಿದ ಮೊದಲ ಎರಡು ವಾರಗಳಲ್ಲೇ ರಕ್ತದ ದ್ರವಾಂಶ ಹೆಚ್ಚಿ, ಹೃದಯವು ಒಂದೊಂದು ಬಡಿತಕ್ಕೂ ಮೊದಲಿಗಿಂತ ಹೆಚ್ಚು ರಕ್ತವನ್ನು ತಳ್ಳತೊಡಗುತ್ತದೆ. ಆದ್ದರಿಂದ ಮೊದಲ ವಾರ ಏದುಸಿರು ತರಿಸಿದ ಓಟವೇ ತಿಂಗಳೊಳಗೆ ಹಗುರವೆನಿಸುತ್ತದೆ. ಮೂಳೆ ಮತ್ತು ಸ್ನಾಯುರಜ್ಜುಗಳ (ಸ್ನಾಯುವನ್ನು ಮೂಳೆಗೆ ಬಿಗಿಯುವ ಗಟ್ಟಿ ಪಟ್ಟಿಗಳ) ಲೆಕ್ಕ ಬೇರೆ. ಹೊಸ ಭಾರ ಬಿದ್ದಾಗ ಮೂಳೆಯು ಮೊದಲು ತನ್ನ ಹಳೆಯ ಅಂಶವನ್ನು ಅಲ್ಲಲ್ಲಿ ಕರಗಿಸಿಕೊಂಡು, ಆಮೇಲೆ ಆ ಜಾಗದಲ್ಲಿ ಹೊಸದನ್ನು ತುಂಬುತ್ತದೆ. ಕರಗಿಸುವ ಕೆಲಸ ಕೆಲವು ವಾರಗಳಲ್ಲಿ ಮುಗಿದರೂ, ತುಂಬಿ ಗಟ್ಟಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ನಡುವಿನ ಅವಧಿಯಲ್ಲಿ ಆ ಭಾಗ ಮೊದಲಿಗಿಂತ ಕೊಂಚ ದುರ್ಬಲವಾಗಿಯೇ ಇರುತ್ತದೆ. ಹೀಗಾಗಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಎರಡನೇ ತಿಂಗಳಿನಲ್ಲಿ ಉಸಿರು ಇನ್ನಷ್ಟು ಓಡೋಣ ಎನ್ನುತ್ತದೆ, ಮೂಳೆ ತಾಳು ಎನ್ನುತ್ತದೆ. ತೊಂದರೆಯೆಂದರೆ, ಉಸಿರಿನ ಮಾತು ಕೂಡಲೇ ಕೇಳಿಸುತ್ತದೆ. ಮೂಳೆಯ ಮಾತು ನೋವು ಬಂದ ಮೇಲಷ್ಟೇ ಕೇಳಿಸುತ್ತದೆ.

ಓಡುವಾಗ ಪ್ರತಿ ಹೆಜ್ಜೆಯಲ್ಲೂ ದೇಹತೂಕದ ಎರಡರಿಂದ ಮೂರು ಪಟ್ಟು ಬಲ ಪಾದದ ಮೇಲೆ ಬೀಳುತ್ತದೆ. ನಿಮಿಷಕ್ಕೆ 160 ಹೆಜ್ಜೆಯಂತೆ ಅರ್ಧ ಗಂಟೆ ಓಡಿದರೆ 4,800 ಹೆಜ್ಜೆಗಳು, ಅಂದರೆ ಒಂದೊಂದು ಪಾದದ ಪಾಲಿಗೆ 2,400 ಹೊಡೆತಗಳಾದವು. ನಿಧಾನವಾಗಿ ಓಡಿದರೆ ಒಂದೊಂದು ಹೊಡೆತದ ಬಲ ಸ್ವಲ್ಪ ತಗ್ಗಬಹುದು, ಆದರೆ ಅಷ್ಟೇ ದೂರಕ್ಕೆ ಹೆಜ್ಜೆಗಳ ಸಂಖ್ಯೆ ಏರುತ್ತದೆ. ವಿಶ್ರಾಂತಿ ಸಿಗಬೇಕಾದದ್ದು ಈ ಹೊಡೆತದಿಂದ. ಹೃದಯಕ್ಕೆ ಆ ದಿನ ಹಗುರವಾದ ಕೆಲಸ ಕೊಟ್ಟರೆ ಅಡ್ಡಿಯಿಲ್ಲ. ನೀವು ಹೇಳಿದ ಕ್ರಮ 1996ರಲ್ಲಿ ಜಾಶ್ ಕ್ಲಾರ್ಕ್ ರೂಪಿಸಿದ ಒಂಬತ್ತು ವಾರಗಳ ‘ಕೌಚ್ ಟು 5ಕೆ’ (ಸೋಫಾದಿಂದ ಐದು ಕಿಲೋಮೀಟರ್ ಓಟಕ್ಕೆ) ಯೋಜನೆಯನ್ನು ಹೋಲುತ್ತದೆ. ಅದರಲ್ಲೂ ಓಟ ವಾರಕ್ಕೆ ಮೂರೇ ದಿನ. ಉಳಿದ ನಾಲ್ಕು ದಿನಗಳಲ್ಲಿ ಎರಡು ದಿನ ಸೈಕಲ್ ಅಥವಾ ಈಜು ಧಾರಾಳವಾಯಿತು. ಒಂದು ದಿನವಾದರೂ ವ್ಯಾಯಾಮದ ಹೆಸರನ್ನೇ ಎತ್ತಬೇಡಿ. (ನನ್ನ ಬಳಿ ನೋವೆಂದು ಬರುವ ಹೊಸ ಓಟಗಾರರಲ್ಲಿ ಸೋಮಾರಿಗಳನ್ನು ಕಂಡದ್ದು ಕಡಿಮೆ, ಹೆಚ್ಚಿನವರು ಅತ್ಯುತ್ಸಾಹಿಗಳೇ.)

ಪ್ರಶ್ನೆ (ಅವರದೇ): ಧನ್ಯವಾದ ಮೇಡಂ. ಹಾಗಾದರೆ ಸೈಕಲ್ಲನ್ನೇ ಆರಿಸಿಕೊಳ್ಳುತ್ತೇನೆ. ಎಷ್ಟು ಹೊತ್ತು, ಎಷ್ಟು ಜೋರಾಗಿ ತುಳಿಯಬೇಕು? ಹಿಂದೊಮ್ಮೆ ತುಳಿದಾಗ ಮೊಣಕಾಲಿನ ಮುಂಭಾಗ ನೋಯುತ್ತಿತ್ತು.

ಉತ್ತರ: ಮೊದಲು ಸೀಟಿನ ಎತ್ತರ ನೋಡಿ. ಸೈಕಲ್ಲನ್ನು ಗೋಡೆಗೆ ಆನಿಸಿ, ಸೀಟಿನ ಮೇಲೆ ನೆಟ್ಟಗೆ ಕುಳಿತು, ಒಂದು ಪೆಡಲನ್ನು ತೀರ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿಯನ್ನು ಇಡಿ. ಆಗ ಕಾಲು ನೇರವಾಗಿ ಚಾಚಿಕೊಳ್ಳಬೇಕು, ಸೊಂಟ ಮಾತ್ರ ಆ ಬದಿಗೆ ವಾಲಬಾರದು. ಬಳಿಕ ತುಳಿಯುವ ರೀತಿಯಲ್ಲಿ ಪಾದದ ಮುಂಭಾಗವನ್ನು ಪೆಡಲಿನ ಮೇಲಿಟ್ಟರೆ ಮೊಣಕಾಲು ತಾನಾಗಿಯೇ ಸುಮಾರು 25ರಿಂದ 35 ಡಿಗ್ರಿಯಷ್ಟು ಬಾಗಿರುತ್ತದೆ. ಕಾಲು ಸುಲಭವಾಗಿ ನೆಲಕ್ಕೆ ತಾಗಲಿ ಎಂದು ಸೀಟನ್ನು ತಗ್ಗಿಸಿಕೊಳ್ಳುವವರು ಬಹಳ. ಹಾಗೆ ಮಾಡಿದಾಗ ಪ್ರತಿ ಸುತ್ತಿನಲ್ಲೂ ಮೊಣಕಾಲು ಅಗತ್ಯಕ್ಕಿಂತ ಹೆಚ್ಚು ಮಡಚಿಕೊಂಡು ಮಂಡಿಚಿಪ್ಪಿನ ಹಿಂದೆ ಒತ್ತಡ ಏರುತ್ತದೆ. ನಿಮ್ಮ ಹಿಂದಿನ ನೋವಿಗೆ ಇದೇ ಕಾರಣವಿರುವ ಸಾಧ್ಯತೆ ಹೆಚ್ಚು. ಎರಡನೆಯ ಕಾರಣ ಭಾರವಾದ ಗೇರ್. ಪೆಡಲು ನಿಮಿಷಕ್ಕೆ 80ರಿಂದ 90 ಸುತ್ತು ತಿರುಗುವಷ್ಟು ಹಗುರವಾದ ಗೇರ್ ಹಾಕಿಕೊಳ್ಳಿ. ಆರಂಭದಲ್ಲಿ 70 ಆದರೂ ಸಾಕು.

ಅರ್ಧ ಗಂಟೆಯಿಂದ ಆರಂಭಿಸಿ. ಜೋರಿನ ಅಳತೆಗೆ ಮಾತೇ ಸಾಕು: ಪೂರ್ಣ ವಾಕ್ಯಗಳಲ್ಲಿ ತಡವರಿಸದೆ ಮಾತನಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ, ನಾಲ್ಕು ಪದಕ್ಕೊಮ್ಮೆ ಉಸಿರೆಳೆದುಕೊಳ್ಳಬೇಕಾದರೆ ಅದು ವಿಶ್ರಾಂತಿ ದಿನದ ಸವಾರಿಯಲ್ಲ. ಏರು ರಸ್ತೆಗಳಲ್ಲಿ ಗೆಳೆಯರೊಡನೆ ಹೊರಟರೆ ಯಾರಿಗೂ ತಿಳಿಯದಂತೆ ಅದು ಪಂದ್ಯವಾಗಿಬಿಡುತ್ತದೆ, ಆದ್ದರಿಂದ ಈ ದಿನಗಳಲ್ಲಿ ಒಬ್ಬರೇ ಹೋಗುವುದು ಒಳ್ಳೆಯದು. ನಿಜವಾದ ಪರೀಕ್ಷೆ ಮರುದಿನದ್ದು: ಓಟದ ಮೊದಲ ಹತ್ತು ನಿಮಿಷಗಳಲ್ಲಿ ತೊಡೆಗಳು ಭಾರವೆನಿಸಿದರೆ ಹಿಂದಿನ ದಿನ ಹೆಚ್ಚಾಗಿತ್ತು ಎಂದರ್ಥ. ಮುಂದಿನ ಸಲ ಹೊತ್ತನ್ನೋ ಜೋರನ್ನೋ ಇಳಿಸಿ.

ಪ್ರಶ್ನೆ (ಇನ್ನೊಬ್ಬ ಓಟಗಾರರು): ನನಗೆ ಈಜು ಅಷ್ಟಕ್ಕಷ್ಟೆ. ಕೊಳದ ಒಂದು ಉದ್ದ ಮುಗಿಸುವಷ್ಟರಲ್ಲಿ ಸುಸ್ತಾಗುತ್ತದೆ. ಆದರೂ ಕೈಗಡಿಯಾರ ತೋರಿಸುವ ಹೃದಯ ಬಡಿತ ಓಟದಷ್ಟು ಏರುವುದಿಲ್ಲ. ಇದರಿಂದ ಪ್ರಯೋಜನವಿದೆಯೇ?

ಉತ್ತರ: ನೀರಿನಲ್ಲಿ ದೇಹ ಅಡ್ಡಲಾಗಿರುವುದರಿಂದಲೂ ನೀರಿನ ಒತ್ತಡ ಹಾಗೂ ತಂಪಿನಿಂದಲೂ ಅಷ್ಟೇ ಶ್ರಮಕ್ಕೆ ಹೃದಯ ಬಡಿತ ನಿಮಿಷಕ್ಕೆ ಸುಮಾರು ಹತ್ತರಷ್ಟು ಕಡಿಮೆ ಇರುವುದು ಸಾಮಾನ್ಯ, ಮೇಲಾಗಿ ಮಣಿಕಟ್ಟಿನ ಗಡಿಯಾರಗಳು ನೀರಿನೊಳಗೆ ಅಷ್ಟು ನಂಬಿಕಸ್ಥವಲ್ಲ. ಸುಸ್ತನ್ನೇ ಅಳತೆಯಾಗಿಟ್ಟುಕೊಳ್ಳಿ. ಈಜಿನ ರೂಢಿಯಿಲ್ಲದವರಿಗೆ ಉಸಿರಾಟದ ಲಯ ಸಿಗುವವರೆಗೆ ಪ್ರತಿಯೊಂದು ಉದ್ದವೂ ಕಠಿಣ ವ್ಯಾಯಾಮವೇ ಆಗುವುದರಿಂದ, ಸದ್ಯಕ್ಕೆ ಎದೆಮಟ್ಟದ ನೀರಿನಲ್ಲಿ ಬಿರುಸಾಗಿ ನಡೆಯುವುದು ನಿಮಗೆ ಹೆಚ್ಚು ಒಪ್ಪುತ್ತದೆ. ಅಷ್ಟು ಆಳದಲ್ಲಿ ದೇಹತೂಕದ ಅರ್ಧಕ್ಕಿಂತ ಹೆಚ್ಚು ಪಾಲನ್ನು ನೀರೇ ಹೊರುತ್ತದೆ. ತೇಲುವ ಬೆಲ್ಟ್ ಕಟ್ಟಿಕೊಂಡು, ನೆಲ ತಾಗದಷ್ಟು ಆಳದಲ್ಲಿ ಓಟದ ಚಲನೆಯನ್ನೇ ಮಾಡುವ ಪದ್ಧತಿಯೂ ಇದೆ. ಗಾಯಗೊಂಡ ಓಟಗಾರರು ತಮ್ಮ ದಮ್ಮು ಉಳಿಸಿಕೊಳ್ಳುವುದು ಹೀಗೆ. ಅದನ್ನು ಮಾತ್ರ ತಿಳಿದವರ ಎದುರಿನಲ್ಲಿ ಕಲಿಯಿರಿ. ಮೊಣಕಾಲಿನ ಒಳಬದಿಯಲ್ಲಿ ನೋವಿರುವವರು ಬ್ರೆಸ್ಟ್ ಸ್ಟ್ರೋಕ್ (ಕಪ್ಪೆಯಂತೆ ಕಾಲು ಬಡಿಯುವ ಈಜು) ಬಿಟ್ಟು ಬೇರೆ ಬಗೆಯಲ್ಲಿ ಈಜುವುದು ಲೇಸು, ಏಕೆಂದರೆ ಅದರ ಕಾಲ್ಬಡಿತ ಆ ಭಾಗವನ್ನೇ ಎಳೆಯುತ್ತದೆ.

ಪ್ರಶ್ನೆ: ವಿಶ್ರಾಂತಿ ದಿನ ಸ್ಕಿಪ್ಪಿಂಗ್ ಅಥವಾ ಬ್ಯಾಡ್ಮಿಂಟನ್ ಆಗಬಹುದೇ?

ಉತ್ತರ: ಮೊದಲ ಮೂರು ತಿಂಗಳು ಬೇಡ. ಎರಡರಲ್ಲೂ ನೆಗೆತವಿದೆ, ಎರಡರಲ್ಲೂ ಮೀನಖಂಡ ಮತ್ತು ಹಿಮ್ಮಡಿಯ ಸ್ನಾಯುರಜ್ಜುವಿಗೆ ಓಟದ್ದೇ ಕೆಲಸ. ಆಡಲೇಬೇಕೆನಿಸಿದರೆ ಆ ವಾರದ ಒಂದು ಓಟವನ್ನು ಬಿಟ್ಟು ಅದರ ಬದಲಿಗೆ ಆಡಿ.

ಪ್ರಶ್ನೆ: ಜಿಮ್‌ನಲ್ಲಿ ಕಾಲಿನ ವ್ಯಾಯಾಮ ಮಾಡಿದ ಮರುದಿನ ಮೆಟ್ಟಿಲು ಇಳಿಯುವುದೇ ಕಷ್ಟ, ಇನ್ನು ಓಡುವುದೆಲ್ಲಿಂದ ಬಂತು! ಹೊಸ ಓಟಗಾರರಿಗೆ ಇದು ಬೇಕೇ? ಬೇಕಾದರೆ ಯಾವ ದಿನ ಮಾಡಬೇಕು?

ಉತ್ತರ: ಬೇಕು. ಒಂದನ್ನೇ ಆರಿಸಿಕೊಳ್ಳಿ ಎಂದರೆ ಸೈಕಲ್ಲಿಗಿಂತ ಮೊದಲು ಇದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ, ಏಕೆಂದರೆ ಸೈಕಲ್ ಮತ್ತು ಈಜು ಹೃದಯಕ್ಕೆ ಎಷ್ಟೇ ಒಳ್ಳೆಯದಾದರೂ ಮೂಳೆ, ಸ್ನಾಯುರಜ್ಜುಗಳನ್ನು ಓಟಕ್ಕೆ ಅಷ್ಟಾಗಿ ಸಿದ್ಧಪಡಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಯಸ್ಕರಿಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನು ಹೇಳುತ್ತದೆ. ರೂಢಿಯಿಲ್ಲದ ವ್ಯಾಯಾಮದ ನಂತರದ ಮೈಕೈ ನೋವು 24ರಿಂದ 72 ಗಂಟೆಗಳ ನಡುವೆ ಹೆಚ್ಚಾಗಿರುತ್ತದೆ. ನಿಮ್ಮ ಪಾಡು ಅದೇ. ಎರಡು ಮೂರು ವಾರ ಕಡಿಮೆ ಭಾರ, ಕಡಿಮೆ ಸುತ್ತುಗಳಲ್ಲಿ ಮಾಡಿದರೆ ದೇಹ ಹೊಂದಿಕೊಳ್ಳುತ್ತದೆ. ದಿನದ ವಿಷಯಕ್ಕೆ ಬಂದರೆ, ಕಠಿಣವಾದದ್ದನ್ನು ಓಟದ ದಿನವೇ, ಓಟ ಮುಗಿದ ಕೆಲವು ಗಂಟೆಗಳ ಬಳಿಕ ಮಾಡುವುದು ನನಗೆ ಸರಿಯೆನಿಸುತ್ತದೆ, ಆಗ ಹಗುರವಾದ ದಿನ ಹಗುರವಾಗಿಯೇ ಉಳಿಯುತ್ತದೆ. ಅದಕ್ಕೆ ಬಿಡುವಿಲ್ಲದವರು ವಿಶ್ರಾಂತಿ ದಿನದಲ್ಲಿ 20 ನಿಮಿಷದ ಸಾಧಾರಣ ಅಭ್ಯಾಸವನ್ನು ಮಾಡಬಹುದು.

ಉಪಕರಣವೇನೂ ಬೇಡದ ಒಂದನ್ನು ವಿವರಿಸುತ್ತೇನೆ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗವನ್ನಷ್ಟೇ ಊರಿ, ಗೋಡೆಗೆ ಬೆರಳು ತಾಗಿಸಿಕೊಂಡು, ಎರಡು ಎಣಿಸುವಷ್ಟರಲ್ಲಿ ಹಿಮ್ಮಡಿಗಳನ್ನು ಎತ್ತಿ, ಮೂರು ಎಣಿಸುತ್ತ ಮೆಟ್ಟಿಲಿನ ಮಟ್ಟಕ್ಕಿಂತ ತುಸು ಕೆಳಗಿನವರೆಗೆ ಇಳಿಸಿ. ಮೊಣಕಾಲು ನೇರವಾಗಿಟ್ಟು ಹನ್ನೆರಡು ಬಾರಿ ಮಾಡಿದ ಮೇಲೆ, ಮೊಣಕಾಲನ್ನು ಸ್ವಲ್ಪ ಬಾಗಿಸಿಕೊಂಡು ಮತ್ತೆ ಹನ್ನೆರಡು ಬಾರಿ ಮಾಡಿ. ಈ ಎರಡನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಆದರೆ ಮೀನಖಂಡದ ಒಳಪದರದ ಸ್ನಾಯುವಿಗೆ ಹೆಚ್ಚು ಕೆಲಸ ಸಿಗುವುದು ಮೊಣಕಾಲು ಬಾಗಿದಾಗಲೇ, ಓಟದ ಭಾರದ ದೊಡ್ಡ ಪಾಲನ್ನು ಹೊರುವುದೂ ಅದೇ. ಎರಡೂ ಕಾಲಿನಲ್ಲಿ ಸುಲಭವಾದ ಮೇಲೆ ಒಂಟಿಗಾಲಿಗೆ ಬನ್ನಿ. ಇದರೊಡನೆ ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟವನ್ನೆತ್ತುವ ವ್ಯಾಯಾಮವನ್ನು ಸೇರಿಸಿದರೆ ಆರಂಭಕ್ಕೆ ಅಷ್ಟು ಸಾಕು.

ಪ್ರಶ್ನೆ: ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯ ಒಳ ಅಂಚಿನಲ್ಲಿ ನೋವು ಶುರುವಾಗಿದೆ. ಓಟ ನಿಲ್ಲಿಸಿ ಬರೀ ಸೈಕಲ್ ತುಳಿಯುತ್ತಿದ್ದರೆ ವಾಸಿಯಾಗುವುದೇ?

ಉತ್ತರ: ನೋವು ಎಷ್ಟು ಜಾಗದಲ್ಲಿದೆ ಎಂಬುದನ್ನು ಬೆರಳಿನಿಂದ ಒತ್ತಿ ನೋಡಿ. ನಾಲ್ಕೈದು ಬೆರಳಗಲಕ್ಕೂ ಮೀರಿ ಅಂಚಿನುದ್ದಕ್ಕೂ ಹರಡಿದ್ದು, ಓಟದ ಆರಂಭದಲ್ಲಿ ಕಾಣಿಸಿಕೊಂಡು ಮೈ ಬೆಚ್ಚಗಾದಂತೆ ತಗ್ಗುವ ನೋವಾದರೆ, ಅದು ಹೊಸ ಓಟಗಾರರಲ್ಲಿ ಸಾಮಾನ್ಯವಾದ ಶಿನ್ ಸ್ಪ್ಲಿಂಟ್ ಇರಬಹುದು. ಆಗ ಎರಡು ವಾರ ಓಟದ ಬದಲು ಸೈಕಲ್ ಅಥವಾ ನೀರಿನ ನಡಿಗೆಯನ್ನು ಮಾಡಿ, ಬಿರುಸಿನ ನಡಿಗೆಯಲ್ಲಿ ನೋವಿಲ್ಲವೆಂದಾದ ಮೇಲೆ ಹಿಂದಿನ ಹಂತಕ್ಕಿಂತ ಒಂದೆರಡು ವಾರ ಕೆಳಗಿನಿಂದ ಓಟವನ್ನು ಮತ್ತೆ ಆರಂಭಿಸಬಹುದು. ಹಾಗಲ್ಲದೆ ಒಂದೇ ಬೆರಳ ತುದಿ ಮುಚ್ಚುವಷ್ಟು ಜಾಗದಲ್ಲಿ ಚುಚ್ಚುವ ನೋವಿದ್ದರೆ, ಓಡಿದಷ್ಟೂ ಹೆಚ್ಚುತ್ತಿದ್ದರೆ, ನಡೆಯುವಾಗಲೋ ರಾತ್ರಿ ಮಲಗಿದಾಗಲೋ ಕಾಡುತ್ತಿದ್ದರೆ, ಮೂಳೆಯಲ್ಲಿ ಸೂಕ್ಷ್ಮ ಬಿರುಕು ಇರಬಹುದೆಂದೇ ಶಂಕಿಸಬೇಕು. ಆಗ ಸೈಕಲ್ಲನ್ನೂ ಬದಿಗಿಟ್ಟು ಮೂಳೆ ವೈದ್ಯರನ್ನು ಕಾಣಿರಿ. ಮೊದಲ ಕೆಲವು ವಾರಗಳಲ್ಲಿ ಇಂತಹ ಬಿರುಕು ಎಕ್ಸ್‌ರೇಯಲ್ಲಿ ಕಾಣಿಸದೇ ಇರಬಹುದಾದ್ದರಿಂದ, ಎಕ್ಸ್‌ರೇ ಸರಿಯಾಗಿದೆ ಎಂಬ ಒಂದೇ ಕಾರಣಕ್ಕೆ ಓಟಕ್ಕೆ ಮರಳಬೇಡಿ. ನೋವು ಹಾಗೆಯೇ ಉಳಿದಿದ್ದರೆ ಎಂಆರ್‌ಐ ಅಗತ್ಯವೇ ಎಂದು ಅವರನ್ನೇ ಕೇಳಿ.