ಹಳೆಯ ಜೆಟ್ ಪಂಪು ಬೋಟಿನಿಂದ ಬಿಚ್ಚಿ ಬರುತ್ತಿಲ್ಲ

ಪ್ರಶ್ನೆ, ಸದಾಶಿವಗಡದಿಂದ:

ಕಾಳಿ ನದಿಯ ಅಳಿವೆಯಲ್ಲಿ ಓಡಿಸುವ ನಮ್ಮ ಫೈಬರ್ ಬೋಟಿಗೆ ಒಳಗೆ ಪೆಟ್ರೋಲ್ ಎಂಜಿನ್ ಇದ್ದು, ಹಿಂಬದಿಯ ಸುರಂಗದಲ್ಲಿ ಜೆಟ್ ಪಂಪು (ನೀರನ್ನು ಹೀರಿ ಹಿಂದಕ್ಕೆ ಚಿಮ್ಮಿ ಬೋಟನ್ನು ಮುಂದೂಡುವ ಪಂಪು) ಇದೆ. ಮರಳು ತಗುಲಿ ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರದ, ಅಂದರೆ ಇಂಪೆಲ್ಲರಿನ, ಅಂಚುಗಳು ಸವೆದಿರುವುದರಿಂದ ಎಂಜಿನ್ ಎಷ್ಟು ಕೂಗಿದರೂ ಬೋಟು ಮುಂದೆ ಹೋಗುವುದಿಲ್ಲ. ಆದ್ದರಿಂದ ಬೇರೆ ಪಂಪು ಕೂರಿಸಬೇಕಾಗಿದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಬೈತಖೋಲದ ಮೆಕ್ಯಾನಿಕ್‌ಗಳೆಲ್ಲ ಮೀನುಗಾರಿಕೆ ಬೋಟುಗಳ ದುರಸ್ತಿಯಲ್ಲಿ ತೊಡಗಿರುವುದರಿಂದ ನಾನೇ ಈ ಕೆಲಸಕ್ಕೆ ಕೈ ಹಾಕಿದ್ದೇನೆ. ಪಂಪನ್ನು ಹಿಡಿದಿರುವ ನಾಲ್ಕು ಬೋಲ್ಟುಗಳಲ್ಲಿ ಎರಡು ಬಿಚ್ಚಿವೆ. ಉಳಿದೆರಡು ಪಾನಾಕ್ಕೆ ಜಗ್ಗುತ್ತಿಲ್ಲ, ಅವುಗಳ ತಲೆಯ ಸುತ್ತ ಸುಣ್ಣದಂತಹ ಬಿಳಿ ಪುಡಿ ಕಟ್ಟಿದೆ. ಚೈನ್ ಬ್ಲಾಕ್ (ಭಾರ ಎಳೆಯುವ ಸರಪಳಿ ರಾಟೆ) ಹಾಕಿ ಎಳೆದರೆ ಬರುತ್ತದೆ ಎಂದು ಗೆಳೆಯರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ, ತದಡಿಯಿಂದ:

ದಯವಿಟ್ಟು ಚೈನ್ ಬ್ಲಾಕ್ ಹಾಕಬೇಡಿ. ಪಂಪಿನ ಮೈ ಎರಕದ ಅಲ್ಯುಮಿನಿಯಂ. ಎರಡು ಬೋಲ್ಟು ಹಿಡಿದಿರುವಾಗ ಎಳೆದರೆ ಬೋಲ್ಟು ಕೂರುವ ಪಂಪಿನ ಕಿವಿ ಮುರಿಯುತ್ತದೆ, ಇಲ್ಲವೇ ಸುರಂಗದ ಫೈಬರ್ ಬಿರುಕು ಬಿಡುತ್ತದೆ. ಹಳೆಯ ಪಂಪು ಹೋದರೆ ಹೋಯಿತು, ಆದರೆ ಬೋಟಿನ ಗೋಡೆ ಹೋದರೆ ಹೊಸ ಪಂಪನ್ನು ಎಲ್ಲಿ ಕೂರಿಸುತ್ತೀರಿ?

ತಾವು ಕಂಡಿರುವ ಬಿಳಿ ಪುಡಿಯೇ ಕಾರಣವನ್ನು ಹೇಳುತ್ತಿದೆ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಮತ್ತು ಅಲ್ಯುಮಿನಿಯಂ ಮೈ ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಅವುಗಳ ನಡುವೆ ವಿದ್ಯುತ್ ಹರಿದು ಅಲ್ಯುಮಿನಿಯಂ ಸವೆಯುತ್ತದೆ, ಮತ್ತು ಆ ಸವೆತದಿಂದ ಹುಟ್ಟುವ ಪುಡಿಯು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಥ್ರೆಡ್ಡುಗಳ ನಡುವೆ ಬಿಗಿದುಕೊಳ್ಳುತ್ತದೆ. ಮೊದಲು ಆ ಪುಡಿಯನ್ನು ಚೂಪಾದ ಮೊಳೆಯಿಂದ ಕೆರೆದು ತೆಗೆದು, ತುಕ್ಕು ಬಿಡಿಸುವ ಎಣ್ಣೆಯನ್ನು ಸಂಜೆ ಬಿಟ್ಟು ರಾತ್ರಿಯಿಡೀ ನೆನೆಯಗೊಡಿ. ಬೆಳಿಗ್ಗೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನೇರವಾಗಿ, ಹದವಾಗಿ ಬಡಿಯಿರಿ. ಪಾನಾ ಜಾರಿ ಮೂಲೆಗಳನ್ನು ತಿನ್ನುತ್ತದೆಯಾದ್ದರಿಂದ ಆರು ಮೂಲೆಯ ಸಾಕೆಟ್ಟನ್ನೇ ಬಳಸಿ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಸ್ವಲ್ಪ ತಿರುಗಿತೆಂದು ಒಂದೇ ಸಮನೆ ಬಿಚ್ಚದೆ ಹಿಂದೆ ಮುಂದೆ ತಿರುಗಿಸುತ್ತಾ ಮತ್ತೆ ಎಣ್ಣೆ ಬಿಡಬೇಕು.

ಅಂಕೋಲಾದಿಂದ:

ಗ್ಯಾಸ್ ಟಾರ್ಚಿನಿಂದ ಬೋಲ್ಟನ್ನು ಕೆಂಪಗೆ ಕಾಯಿಸಿದರೆ ಇಷ್ಟೆಲ್ಲ ಕಾಯುವ ಅಗತ್ಯವಿಲ್ಲ. ಲಾರಿಯ ಕೆಲಸದಲ್ಲಿ ಹಾಗೆಯೇ ಮಾಡುತ್ತೇವೆ.

ಉತ್ತರ, ತದಡಿಯಿಂದ:

ಕಬ್ಬಿಣದ ಚಾಸಿಗೆ ಅದು ಸರಿ, ಇಲ್ಲಿ ಸಲ್ಲದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಬೋಟಿನ ತಳದಲ್ಲಿ ಕೂತಿರುತ್ತದೆ. ಅಲ್ಯುಮಿನಿಯಂ ಸುಮಾರು 660 ಡಿಗ್ರಿಯಲ್ಲಿ ಕರಗುತ್ತದೆ, ಅದಕ್ಕೂ ಮೊದಲು ಕೆಂಪಗಾಗಿ ಎಚ್ಚರಿಕೆ ಕೊಡುವುದಿಲ್ಲ. ಫೈಬರ್ ಅದಕ್ಕಿಂತ ಬಹಳ ಮೊದಲೇ ಹಾಳಾಗುತ್ತದೆ.

ಆದರೆ ಶಾಖವೆಂಬ ಸಲಹೆ ತಪ್ಪಲ್ಲ. ಒಂದು ಡಿಗ್ರಿ ಬಿಸಿಯೇರಿದರೆ ಒಂದು ಮೀಟರ್ ಅಲ್ಯುಮಿನಿಯಂ ಸುಮಾರು 23 ಮೈಕ್ರೋಮೀಟರ್ ಹಿಗ್ಗುತ್ತದೆ, ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲ್ 16ರಿಂದ 17 ಮಾತ್ರ. ಆದ್ದರಿಂದ ಬೋಲ್ಟನ್ನಲ್ಲ, ಅದರ ಸುತ್ತಲಿನ ಮೈಯನ್ನು ಬಿಸಿಗಾಳಿಯ ಗನ್ನಿನಿಂದ ಕಾಯಿಸಬೇಕು. ರಂಧ್ರ ಹಿಗ್ಗುವ ಆ ಅಲ್ಪ ವ್ಯತ್ಯಾಸವೇ ಪುಡಿಯ ಹಿಡಿತವನ್ನು ಒಡೆಯುತ್ತದೆ. ಆ ಗನ್ನೂ ಕಿಡಿ ಹೊತ್ತಿಸಬಲ್ಲದು. ಹಾಗಾಗಿ ಪೆಟ್ರೋಲ್ ಟ್ಯಾಂಕನ್ನು ಹೊರಗಿಟ್ಟು, ಬ್ಯಾಟರಿಯ ತಂತಿ ಕಳಚಿ, ಮುಚ್ಚಳ ತೆರೆದು ವಾಸನೆ ಪೂರ್ತಿ ಹೋದ ಮೇಲೆ, ಹಚ್ಚಿದ ಎಣ್ಣೆಯನ್ನೂ ಒರೆಸಿ, ಫೈಬರಿಗೆ ಒದ್ದೆ ಬಟ್ಟೆ ಹೊದಿಸಿ ಕೆಲಸ ಮಾಡಿ.

ಸದಾಶಿವಗಡದಿಂದ:

ಒಂದು ಬೋಲ್ಟು ಕಿರುಗುಟ್ಟುತ್ತಾ ಬಂದಿತು, ಇನ್ನೊಂದರ ತಲೆ ಮುರಿಯಿತು. ಪಂಪು ತುಸು ಅಲುಗುತ್ತದೆ, ಆದರೆ ಹೊರಗೆ ಬರುವುದಿಲ್ಲ.

ಉತ್ತರ, ತದಡಿಯಿಂದ:

ತಲೆ ಮುರಿದದ್ದಕ್ಕೆ ಗಾಬರಿ ಬೇಡ. ಪಂಪು ಅಲುಗುತ್ತಿರುವುದರಿಂದ ಅದು ಆ ತುಂಡಿನ ಮೇಲಿಂದಲೇ ಜಾರಿ ಬರುವ ಸಾಧ್ಯತೆ ಹೆಚ್ಚು, ಬಂದ ಮೇಲೆ ಗೋಡೆಯಿಂದ ಹೊರಚಾಚಿರುವ ತುಂಡನ್ನು ವೈಸ್ ಗ್ರಿಪ್ಪಿನಲ್ಲಿ ಹಿಡಿದು ತಿರುಗಿಸಬಹುದು.

ಈಗ ಹಿಡಿದಿರುವುದು ಬೇರೆ ಏನೋ ಇರಬೇಕು. ಎಂಜಿನ್ನಿಗೆ ತಂಪುನೀರು ಒಯ್ಯುವ ಹೋಸು, ತಳದ ನೀರು ಹೀರುವ ಸಣ್ಣ ಹೋಸು, ಸ್ಟಿಯರಿಂಗ್ ಮತ್ತು ರಿವರ್ಸ್ ಕೇಬಲ್ಲುಗಳು ಕಳಚಿವೆಯೇ ನೋಡಿ. ಅಡಿಯ ತಟ್ಟೆಯನ್ನು ತೆಗೆಯದೆ ಕೆಲವು ಪಂಪುಗಳು ಬರುವುದೇ ಇಲ್ಲ. ಎಲ್ಲವೂ ಕಳಚಿದ್ದರೆ ಸಂದಿನಲ್ಲಿ ಮೆತ್ತಿದ ಸೀಲೆಂಟೇ ಹಿಡಿದಿದೆ ಎಂದು ತಿಳಿಯಬೇಕು. ತೆಳುವಾದ ಉಕ್ಕಿನ ತಂತಿಯ ಎರಡೂ ತುದಿಗೆ ಮರದ ತುಂಡು ಕಟ್ಟಿ ಗರಗಸದಂತೆ ಎಳೆದು ಅದನ್ನು ಕತ್ತರಿಸಿ, ಎದುರುಬದುರು ಎರಡು ಮರದ ಬೆಣೆಗಳನ್ನು ಸಮವಾಗಿ ಬಡಿಯಿರಿ. ಸ್ಕ್ರೂಡ್ರೈವರ್ ತೂರಿಸಿದರೆ ಅಲ್ಯುಮಿನಿಯಂ ಮುಖದಲ್ಲಿ ಗಾಯವಾಗಿ ಮುಂದೆ ಅಲ್ಲಿಂದಲೇ ನೀರು ಸೋರುತ್ತದೆ. ಪಂಪನ್ನು ಓರೆಯಾಗಿ ಜಗ್ಗದೆ ಶಾಫ್ಟಿನ ಗುಂಟ ನೇರವಾಗಿ, ಇಂಪೆಲ್ಲರನ್ನು ಕೈಯಿಂದ ಅತ್ತಿತ್ತ ತಿರುಗಿಸುತ್ತಾ ಹಿಂದಕ್ಕೆ ತರಬೇಕು. ಬೋಲ್ಟುಗಳ ಬಳಿ ತೆಳ್ಳನೆಯ ಶಿಮ್ ತಟ್ಟೆಗಳು ಬಿದ್ದರೆ ಯಾವುದು ಯಾವ ಬೋಲ್ಟಿನದೆಂದು ಗುರುತು ಹಾಕಿಡಿ, ಶಾಫ್ಟಿನ ನೇರ ಅವುಗಳ ಮೇಲೆಯೇ ನಿಂತಿರುತ್ತದೆ.

ಸದಾಶಿವಗಡದಿಂದ:

ತಂತಿ ಹಾಯಿಸಿದ ಮೇಲೆ ಪಂಪು ಹೊರಬಂದಿತು, ಶಿಮ್‌ಗಳೂ ಸಿಕ್ಕವು. ಆನೋಡ್ (ತಾನು ಸವೆದು ಪಂಪಿನ ಲೋಹವನ್ನು ಕಾಯುವ ಲೋಹದ ತುಂಡು) ಇರಬೇಕಾದ ಜಾಗದಲ್ಲಿ ಬರೀ ಸ್ಕ್ರೂ ಉಳಿದಿದೆ. ಸತುವಿನದನ್ನೇ ಹಾಕಲೇ?

ಉತ್ತರ, ತದಡಿಯಿಂದ:

ಕಾಳಿಯ ಅಳಿವೆಯಲ್ಲಿ ಬೇಸಿಗೆಗೆ ಉಪ್ಪುನೀರು, ಮಳೆಗಾಲಕ್ಕೆ ಬಹುಮಟ್ಟಿಗೆ ಸಿಹಿನೀರು ಇರುತ್ತದೆ. ಸಿಹಿನೀರಿನಲ್ಲಿ ಸತುವಿನ ಮೇಲೆ ಪದರ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆಯಾದ್ದರಿಂದ ಅಲ್ಯುಮಿನಿಯಂ ಮಿಶ್ರಲೋಹದ ಆನೋಡ್ ಹಾಕಿ, ಅದಕ್ಕೆ ಬಣ್ಣ ಬಳಿಯಬೇಡಿ, ಲೋಹಕ್ಕೆ ಲೋಹ ತಾಗುವಂತೆ ಕೂರಿಸಿ. ಹೊಸ ಬೋಲ್ಟುಗಳಿಗೆ ಹಚ್ಚುವ ಪೇಸ್ಟಿನಲ್ಲಿ ತಾಮ್ರ ಇರಬಾರದು, ಅದು ಅಲ್ಯುಮಿನಿಯಮ್ಮನ್ನು ಇನ್ನಷ್ಟು ತಿನ್ನುತ್ತದೆ. ಶಾಫ್ಟಿನ ಹಲ್ಲುಗಳಿಗೆ ನೀರಿಗೆ ತೊಳೆದುಹೋಗದ ಗ್ರೀಸ್ ಸವರಿ. ನೀರಿಗಿಳಿಸಿದ ಮೇಲೆ ಬೋಟನ್ನು ದಕ್ಕೆಗೆ ಕಟ್ಟಿಯೇ ಸ್ವಲ್ಪ ಹೊತ್ತು ಎಂಜಿನ್ ಓಡಿಸಿ, ಒಳಗಿನ ಸಂದನ್ನು ಒಣ ಬಟ್ಟೆಯಿಂದ ಒತ್ತಿ ನೋಡಿ, ತೇವ ಕಾಣದಿದ್ದರೆ ಮಾತ್ರ ಹಗ್ಗ ಬಿಚ್ಚಿ.