ಆಂಟೆನಾ ಬದಲಿಸಿದ ಮರುದಿನವೇ ಸ್ಟೇಷನ್ ಎತ್ತರ 8 ಮಿ.ಮೀ. ಮೇಲೆ: ಏನಿದು?

ಕಂಬದಕಾವಲು:
ನಮ್ಮ ಜಿಪಿಎಸ್ ರೆಫರೆನ್ಸ್ ಸ್ಟೇಷನ್ನಿನ ಹಳೆಯ ಚೋಕ್ ರಿಂಗ್ (ಪ್ರತಿಫಲನ ತಡೆಯುವ ಬಳೆಗಳಿರುವ) ಆಂಟೆನಾಕ್ಕೆ ನೀರು ಹೊಕ್ಕಿತ್ತು, ಹೊಸದು ಹಾಕಿದೆವು. ಕಂಬ ಅದೇ, ಬೋಲ್ಟ್ ಅದೇ. ಅಡ್ಡ ದಿಕ್ಕಿನಲ್ಲಿ ಏನೂ ಅಲ್ಲಾಡಿಲ್ಲ, ಎತ್ತರ ಮಾತ್ರ 8 ಮಿ.ಮೀ. ಜಿಗಿದು ಅಲ್ಲೇ ಕೂತಿದೆ. ಎರಡೂ ಆಂಟೆನಾಗಳಿಗೆ ಐಜಿಎಸ್20 ಆಂಟೆಕ್ಸ್ ಫೈಲನ್ನೇ (ಆಂಟೆನಾ ಸಿಗ್ನಲ್ ಹಿಡಿಯುವ ಬಿಂದು ಎಲ್ಲಿದೆ ಎಂದು ಹೇಳುವ, ಅಂತರರಾಷ್ಟ್ರೀಯ ಸೇವೆ ಐಜಿಎಸ್‌ನ ಕ್ಯಾಲಿಬ್ರೇಷನ್ ಫೈಲು) ಬಳಸಿದ್ದೇನೆ. ಮತ್ತೆ ಈ ಜಿಗಿತ ಎಲ್ಲಿಂದ?

ಸೊನ್ನೆಡಿಗ್ರಿ:
ಸೈಟ್ ಲಾಗ್, ಅಂದ್ರೆ ಸ್ಟೇಷನ್ನಿನ ಉಪಕರಣಗಳ ದಾಖಲೆ, ನೋಡಿದ್ರಾ? ಆಂಟೆನಾ ಹೆಸರಿನ ಕೊನೆಯ ನಾಲ್ಕು ಅಕ್ಷರ ರೇಡೋಮ್‌ನದು, ಅಂದ್ರೆ ಆಂಟೆನಾ ಮೇಲಿನ ರಕ್ಷಣಾ ಟೋಪಿಯದು. ಮೇಲೆ ಟೋಪಿ ಕೂರಿಸಿ, ಲಾಗ್‌ನಲ್ಲಿ ‘ನನ್’ (NONE, ಇಲ್ಲ) ಅಂತ ಬರೆಯೋರು ಬೇಕಾದಷ್ಟು ಜನ. ಆಂಟೆನಾ ತಳದ ಅಳತೆಯನ್ನೂ ಇನ್ನೊಮ್ಮೆ ತೆಗೀರಿ.

ಹಳೆಫೇಸ್:
ಅದು ಸರಿಯಿದ್ದರೂ ಜಿಗಿತ ಪೂರ್ತಿ ಹೋಗುತ್ತೆ ಅಂತ ನಂಬಬೇಡಿ. ನಾನೂ ಒಮ್ಮೆ ವಾರಗಟ್ಟಲೆ ಬೋಲ್ಟ್ ಮೇಲೇ ಅನುಮಾನಪಟ್ಟವನು. ಆಂಟೆಕ್ಸ್‌ನಲ್ಲಿರೋದು ಸಾಮಾನ್ಯವಾಗಿ ಆ ಮಾಡೆಲ್‌ನ ಸರಾಸರಿ, ನಿಮ್ಮ ಕೈಲಿರೋ ಆಂಟೆನಾದ್ದಲ್ಲ. ಅಯಾನುಗೋಳದ ಪ್ರಭಾವ ಕಳೆಯೋಕೆ ಉಪಗ್ರಹದ ಎರಡು ಆವರ್ತನಗಳಲ್ಲಿ ಎಲ್1ನ 2.55 ಪಟ್ಟಿನಿಂದ ಎಲ್2ನ 1.55 ಪಟ್ಟು ಕಳೀತೀವಲ್ಲ, ಅಲ್ಲೇ ಇರೋದು ತೊಂದರೆ. ಎಲ್1ರಲ್ಲಿ 1 ಮಿ.ಮೀ. ಮೇಲಕ್ಕೆ, ಎಲ್2ರಲ್ಲಿ 1 ಮಿ.ಮೀ. ಕೆಳಕ್ಕೆ ತಪ್ಪಿದ್ರೆ ಕೂಡಿ 4 ಮಿ.ಮೀ. ದಾಟುತ್ತೆ. ಜೊತೆಗೆ ವಾಯುಮಂಡಲದ ವಿಳಂಬವನ್ನೂ ಅಂದಾಜು ಮಾಡಿದ್ರೆ ಎತ್ತರ ಇನ್ನೂ ಎಳೆದಾಡುತ್ತೆ. ಕಂಬದ ತಲೆಯಿಂದ ಪ್ರತಿಫಲಿಸೋ ಸಿಗ್ನಲ್ಲೂ ಹೊಸ ಆಂಟೆನಾದ ಜೊತೆ ಬೇರೆ ಥರ ಬೆರೆಯುತ್ತೆ.

ಪಕ್ಕದಲ್ಲಿ ಆಂಟೆನಾ ಬದಲಾಗದ ಸ್ಟೇಷನ್ ಇದ್ದರೆ, ಆ ಬೇಸ್‌ಲೈನನ್ನು (ಎರಡು ಸ್ಟೇಷನ್‌ಗಳ ನಡುವಿನ ಗೆರೆಯನ್ನು) ಬದಲಾವಣೆಯ ಹಿಂದಿನ, ಮುಂದಿನ ಡೇಟಾದಲ್ಲಿ ಎಲ್1 ಒಂದರಿಂದಲೇ ಬಿಡಿಸಿ. ಆಮೇಲೆ ಕಟ್‌ಆಫ್ 10, 15, 20 ಡಿಗ್ರಿ ಇಟ್ಟು, ಅಂದ್ರೆ ಅದಕ್ಕಿಂತ ಕೆಳಗಿರೋ ಉಪಗ್ರಹಗಳನ್ನ ಬಿಟ್ಟು, ನೋಡಿ. ಕಟ್‌ಆಫ್ ಜೊತೆ ಜಿಗಿತವೂ ಬದಲಾದ್ರೆ ಕಂಬ ನಿರಪರಾಧಿ.

ಕಂಬದಕಾವಲು:
ಮುಖ ಕೆಂಪಾಯ್ತು. ರೇಡೋಮ್ ಇದೆ, ಲಾಗ್‌ನಲ್ಲಿ ‘ನನ್’! ತಿದ್ದಿದ ಮೇಲೆ 5 ಮಿ.ಮೀ. ಉಳಿದಿದೆ. ಪಕ್ಕದ ಸ್ಟೇಷನ್ ಜೊತೆ ಎಲ್1ರಲ್ಲಿ ಬರೀ 1 ಮಿ.ಮೀ., ಕಟ್‌ಆಫ್ ಏರಿಸಿದರೆ ಎಲ್1, ಎಲ್2 ಕೂಡಿದ ಲೆಕ್ಕದ ಜಿಗಿತವೂ ಬದಲಾಗುತ್ತಿದೆ. ಆಂಟೆನಾ ಎತ್ತರದಲ್ಲಿ 5 ಕಳೆದು ಸರಿಮಾಡಿಬಿಡಲಾ?

ಹಳೆಫೇಸ್:
ದಯವಿಟ್ಟು ಬೇಡ! ಲಾಗ್‌ನಲ್ಲಿ ಟೇಪು ತೋರಿಸಿದ್ದೇ ಇರಲಿ. ಟೈಮ್ ಸೀರೀಸ್‌ನಲ್ಲಿ ಆ ದಿನಾಂಕಕ್ಕೆ ಒಂದು ಮೆಟ್ಟಿಲು ಹಾಕಿ ವೇಗದ ಜೊತೆಗೇ ಅಂದಾಜು ಮಾಡಿ. ಆರ್‌ಟಿಕೆಯಲ್ಲಿ (ಸ್ಥಳದಲ್ಲೇ ತಕ್ಷಣ ಸ್ಥಾನ ಕೊಡೋ ವಿಧಾನ) ಗಡಿ ಅಳೆಯೋರಿಗೆ 5 ಮಿ.ಮೀ. ಕಣ್ಣಿಗೂ ಬೀಳಲ್ಲ, ನೆಲ ಕುಸಿತ ಅಳೆಯೋರಿಗೆ ಅದು ವರ್ಷಗಳ ಲೆಕ್ಕ. 2006ರ ನವೆಂಬರ್‌ಗಿಂತ ಹಿಂದಿನ ಫಲಿತಾಂಶ ಇದ್ದರೆ ಅವನ್ನ ಹಾಗೇ ಅಂಟಿಸಬೇಡಿ. ಐಜಿಎಸ್ ಸಾಪೇಕ್ಷ (ಇನ್ನೊಂದು ಆಂಟೆನಾಕ್ಕೆ ಹೋಲಿಸಿ ಮಾಡೋ) ಕ್ಯಾಲಿಬ್ರೇಷನ್ ಬಿಟ್ಟು ನಿರಪೇಕ್ಷಕ್ಕೆ (ಹಾಗೆ ಹೋಲಿಸದ್ದಕ್ಕೆ) ಬಂದದ್ದೇ ಆಗ.

ಸೊನ್ನೆಡಿಗ್ರಿ:
ಹಳೆ ಆಂಟೆನಾ ಗುಜರಿಗೆ ಹಾಕಿಲ್ಲ ತಾನೆ? ಒಣಗಿದ ಮೇಲೆ ಕೆಲಸ ಮಾಡಿದ್ರೆ ಪಕ್ಕದಲ್ಲಿ ತಾತ್ಕಾಲಿಕ ಕಂಬದ ಮೇಲಿಟ್ಟು ಒಂದೆರಡು ವಾರ ಓಡಿಸಿ ನೋಡಿ.

ಕಂಬದಕಾವಲು:
ಸ್ಟೋರ್ ರೂಮಿನಲ್ಲಿದೆ. ನಾಳೆ ಇಳಿಸ್ತೀನಿ.